ಮೊಣಕಾಲಿಗೆ ಯಜಮಾನರ ಹೆಸರು

ನಾಚಿಕೆ ಸ್ವಭಾವದವರು ಬಹಳ ಒಳ್ಳೆಯವರು ಎಂದು ಲೋಕ ನಂಬಿಕೊಂಡಿದೆ. ಮಕ್ಕಳೇ, ನೀವು ನಂಬಬೇಡಿ. ನಮ್ಮಷ್ಟು ಸರಾಗವಾಗಿ ಸುಳ್ಳು ಹೇಳುವವರು ಬೇರೆ ಇಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದರೂ "ಈಗ ಊಟ ಮಾಡಿಕೊಂಡೇ ಬಂದೆ" ಎನ್ನುತ್ತೇವೆ. ಬೀಗರ ಮನೆಯ ಚಹಾ ಕಷಾಯದಂತಿದ್ದರೂ "ಚಲೋ ಆಗೇತ್ರಿ" ಎಂದು ಇನ್ನರ್ಧ ಕಪ್ಪು ಹಾಕಿಸಿಕೊಳ್ಳುತ್ತೇವೆ. ನಾನಂತೂ ಈ ವಿದ್ಯೆಯಲ್ಲಿ ಪಳಗಿದವಳು. ಹಾವೇರಿ ಕಡೆಯ ನಮ್ಮೂರ ಶಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ಗೊತ್ತಿಲ್ಲವೆಂದು ತಲೆಯಾಡಿಸಿ ಕೂರುತ್ತಿದ್ದೆ. ಎದ್ದು ನಿಂತು ಮಾತಾಡುವುದಕ್ಕಿಂತ ದಡ್ಡಿ ಎನ್ನಿಸಿಕೊಳ್ಳುವುದು ಸುಲಭ. ಆದರೆ ಬಾಯಿಗಿರುವ ನಾಚಿಕೆ ಪೆನ್ನಿಗಿಲ್ಲ. ಆದ್ದರಿಂದ ಈ ಕತೆಯನ್ನು ಬರೆದೇ ಹೇಳುತ್ತೇನೆ.

ನಿಮ್ಮಮ್ಮ ಸುಧಾ, ಅಂದರೆ ನನ್ನ ಮಗಳು, ಈ ಗಲ್ಫ್ ನಾಡಿನ ಜುಮೇರಾ ಲೇಕ್ ಟವರ್ಸ್‌ನ ಒಂದು ಸಣ್ಣ ಕಂಪನಿಯಲ್ಲಿ ರೋಗಿಗಳಿಗೆ ಬೇಕಾದ ಸಲಕರಣೆಗಳನ್ನು ಕಂಡುಹಿಡಿಯುವ ಕೆಲಸದಲ್ಲಿದ್ದಾಳೆ. ಅವಳು ಕಂಡುಹಿಡಿದದ್ದು ಮೊಣಕಾಲಿಗೆ ಕಟ್ಟಿಕೊಳ್ಳುವ ಒಂದು ಪಟ್ಟಿ. ನೋಡಲು ಮೆತ್ತನೆಯ ಬಟ್ಟೆ. ಆದರೆ ಕಟ್ಟಿಕೊಂಡವರು ಒಂದು ಮಾತು ಹೇಳಿದರೆ ಸಾಕು, ಗಂಜಿ ಹಾಕಿದ ಧೋತರದಂತೆ ಸೆಟೆದು ಗಟ್ಟಿಯಾಗಿ ಕಾಲನ್ನು ಎತ್ತಿ ಹಿಡಿಯುತ್ತದೆ. ಎದ್ದು ನಿಂತಮೇಲೆ ತಾನೇ ಮೆತ್ತಗಾಗುತ್ತದೆ. ಇದಕ್ಕೆ ಪೇಟೆಂಟ್ ಕೂಡ ಸಿಕ್ಕಿದೆ. ಹಾಗೆಂದರೇನು ಎಂದು ಕೇಳಿದ್ದಕ್ಕೆ, "ಇದನ್ನ ಬ್ಯಾರೆ ಯಾರೂ ಮಾಡೂ ಹಂಗಿಲ್ಲ ಅಂತ ಸರಕಾರ ಕೊಡೂ ಕಾಗದವ್ವ" ಎಂದಳು. ನನಗೆ ತಟ್ಟನೆ ಅರ್ಥವಾಯಿತು. ನಮ್ಮ ಅತ್ತೆಯವರು ಗುರೆಳ್ಳು ಚಟ್ನಿ ಕುಟ್ಟುವಾಗ ನಮಗೆ ಬೆನ್ನು ಮಾಡಿ ಕೂತು ಉಪ್ಪು ಹಾಕುತ್ತಿದ್ದರು. ಕಾಗದವಿಲ್ಲದ ಪೇಟೆಂಟ್ ಅದು. ಇವತ್ತಿಗೂ ಆ ಚಟ್ನಿ ಯಾರಿಗೂ ಬಂದಿಲ್ಲ.

ಮೊದಲ ಪಟ್ಟಿಯನ್ನು ಸುಧಾ ನನಗೇ ತಂದು ಕಟ್ಟಿದಳು. ಅದಕ್ಕೆ ನನ್ನ ದನಿಯ ಗುರುತಾಗಲಿ ಎಂದು ಒಂದು ಪುಟ ಓದಿಸಿದಳು. ನಾನು ಶಾಲೆಯ ರಾಗದಲ್ಲೇ ಓದಿದೆ, ಯಂತ್ರ ಬೇಸರಿಸದೆ ಕೇಳಿಸಿಕೊಂಡಿತು. ಆಮೇಲೆ ಅವಳು ನನ್ನ ಮುಂದೆ ಕೂತು, ಕಣ್ಣು ತುಂಬಿಕೊಂಡು ಹೇಳಿದಳು: "ಅವ್ವಾ, ಇದನ್ನ ಕರೀಲಿಕ್ಕೆ ಅಪ್ಪನ ಹೆಸರೇ ಇಟ್ಟೀನಿ. ನೀ ಅಪ್ಪನ ಹೆಸರು ಹೇಳಿದ್ರ ಸಾಕು, ಅಪ್ಪನೇ ಕೈಹಿಡಿದು ಎಬ್ಬಿಸಿದಂಗ."

ಮದುವೆಯಾದ ಮರುದಿನದಿಂದ ನಾನು ಅವರ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ನಿಮ್ಮ ಅಜ್ಜ ಬಸ್ಸಿನ ಕಂಡಕ್ಟರು. ಸವಣೂರು ರಸ್ತೆಯಲ್ಲಿ ಓಡಾಡುವ ಕುರಿ ಕಾಯುವವರಿಂದ ಹಿಡಿದು ತಹಶೀಲ್ದಾರರವರೆಗೆ ಎಲ್ಲರೂ ಅವರನ್ನು ಹೆಸರು ಹಿಡಿದೇ ಕೂಗುತ್ತಿದ್ದರು. ಇಡೀ ತಾಲ್ಲೂಕಿನಲ್ಲಿ ಆ ಹೆಸರು ಹೇಳದವಳು ನಾನೊಬ್ಬಳೇ. ನನ್ನ ಪಾಲಿಗೆ ಅವರು ಮೊದಲು "ಇವರು", ಸುಧಾ ಹುಟ್ಟಿದಮೇಲೆ "ಸುಧಾನ ಅಪ್ಪ". ಅವರದು ದೇವರ ಹೆಸರು ಬೇರೆ. ಭಜನೆಯಲ್ಲಿ ಆ ಹೆಸರು ಬಂದಾಗಲೆಲ್ಲ ಬರೀ ತುಟಿ ಅಲ್ಲಾಡಿಸುತ್ತಿದ್ದೆ. ಅವರು ಹೋದಮೇಲೂ ಈ ರೂಢಿ ಹೋಗಲಿಲ್ಲ. ಇಲ್ಲಿ ವೀಸಾ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನಲ್ಲಿ ಗಂಡನ ಹೆಸರು ಕೇಳಿದಾಗ ಪಾಸ್‌ಪೋರ್ಟ್ ತೆರೆದು ಬೆರಳಿಟ್ಟು ತೋರಿಸಿದೆ. ಅಲ್ಲಿದ್ದಾತ ನನ್ನನ್ನು ಮೂಗಿ ಎಂದುಕೊಂಡು, ಉಳಿದದ್ದನ್ನೆಲ್ಲ ಕೈಸನ್ನೆಯಲ್ಲೇ ಕೇಳಿದ.

ಮಗಳ ಕಣ್ಣಲ್ಲಿ ನೀರು ನೋಡಿ "ಬ್ಯಾರೆ ಹೆಸರಿಡು" ಎನ್ನಲು ಬಾಯಿ ಬರಲಿಲ್ಲ. ಸುಳ್ಳು ಬಂತು. ಅವಳು ಆಫೀಸಿನಿಂದ ಬಂದು "ಹೆಂಗೈತವ್ವ ಪಟ್ಟಿ?" ಎಂದಾಗಲೆಲ್ಲ "ಭಾಳ ಚಲೋ ಐತಿ" ಎನ್ನುತ್ತಿದ್ದೆ. ನಿಜವೆಂದರೆ ಮೇಜು ಹಿಡಿದು, ಗೋಡೆ ಹಿಡಿದು, ಕೆಲವೊಮ್ಮೆ ಫ್ರಿಜ್ಜಿನ ಬಾಗಿಲು ಹಿಡಿದು ಏಳುತ್ತಿದ್ದೆ. ಬಾಯಿಗೆ ಸೆರಗು ಅಡ್ಡ ಹಿಡಿದು ಪಿಸುಗುಟ್ಟಿಯೂ ನೋಡಿದೆ. ಮೊದಲ ಅಕ್ಷರ ಬರುವಷ್ಟರಲ್ಲಿ ಕೆಮ್ಮು ಬರುತ್ತಿತ್ತು. ಮೇಘಾ, ಮನೆಗೆ ಹಿರಿಯ ಮೊಮ್ಮಗಳಾದ ನಿನ್ನ ಕೈಯಲ್ಲಾದರೂ ಹೇಳಿಸೋಣವೆಂದರೆ, ಕಟ್ಟಿಕೊಂಡವರ ದನಿಗೆ ಬಿಟ್ಟು ಬೇರೆಯವರ ದನಿಗೆ ಅದು ಜಗ್ಗುವುದಿಲ್ಲ. ಪೇಟೆಂಟಿನ ಹೆಚ್ಚುಗಾರಿಕೆಯೇ ಅದಂತೆ!

ನಾವಿರುವ ಕರಾಮ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನ ಉಡುಪಿಯ ಶೈಲಜಾ ಒಬ್ಬಳಿಗೆ ಮಾತ್ರ ಗುಟ್ಟು ಹೇಳಿದೆ. ಅವಳು ನಕ್ಕು ಸುಸ್ತಾದಳು. "ನಾನು ನಮ್ಮವರನ್ನು ಹೆಸರು ಹಿಡಿದೇ ಕರೆಯುವುದು ಮಾರಾಯ್ರೆ. ಆದ್ರೆ ಎಂತ ಪ್ರಯೋಜನ? ಅವರು ಮೊಬೈಲಿಂದ ತಲೆಯೇ ಎತ್ತುವುದಿಲ್ಲ. ನಿಮ್ಮ ಬೆಲ್ಟಾದ್ರೂ ಕರೆದ್ರೆ ಏಳ್ತದಲ್ಲ!" ಎಂದಳು. ಸಮಾಧಾನ ಕೇಳಲು ಹೋಗಿ ಅವಳ ಸಂಸಾರದ ಗೋಳು ಕೇಳಿ ಬಂದೆ.

ಹೀಗಿರುವಾಗ ಒಂದು ದಿನ ಸುಧಾ ಓಡಿಬಂದಳು. ಅಬುಧಾಬಿಯ ಒಂದು ಆಸ್ಪತ್ರೆಯವರು ಪಟ್ಟಿ ನೋಡಲು ಬರುತ್ತಾರಂತೆ. ಅವರು ಒಪ್ಪಿದರೆ ಸರಿ, ಇಲ್ಲವಾದರೆ ಕಂಪನಿಯವರು ಈ ಕೆಲಸವನ್ನೇ ಖಲಾಸ್ ಮಾಡುತ್ತಾರಂತೆ. "ದಿನಾ ಕಟ್ಕೊಳ್ಳಾಕಿ ನೀನೇ ಅಲ್ಲೇನವ್ವ? ನೀನೇ ಬಂದು ತೋರಿಸಬೇಕು" ಎಂದಳು. ನಾನು ಏನೆಂದೆ? "ಅದಕ್ಕೇನು, ಬರ್ತೀನಿ" ಎಂದೆ. ನಾಚಿಕೆಯವರ ಬಾಯಿಯೇ ಹಾಗೆ. ಇಲ್ಲವೆನ್ನಬೇಕಾದಲ್ಲೆಲ್ಲ ಹೂಂ ಎನ್ನುತ್ತದೆ.

ಎತ್ತರದ ಕಟ್ಟಡ, ಗಾಜಿನ ಕೋಣೆ. ನನ್ನನ್ನು ಒಂದು ಸೋಫಾದಲ್ಲಿ ಕೂರಿಸಿದರು. ಹಿಡಿದುಕೊಳ್ಳಲು ಕೈಯಿಲ್ಲದ, ಕೂತರೆ ಒಳಗೆ ನುಂಗುವ ಸೋಫಾ ಅದು. ಹತ್ತಿರ ಮೇಜಿಲ್ಲ, ಗೋಡೆಯಿಲ್ಲ, ಫ್ರಿಜ್ಜಂತೂ ಇಲ್ಲವೇ ಇಲ್ಲ. ಎದುರಿಗೆ ಕೋಟು ತೊಟ್ಟ ಗಂಡಸರ ಸಾಲು. ನಡುವೆ ಕಪ್ಪು ಅಬಾಯಾ ನಿಲುವಂಗಿ ತೊಟ್ಟ, ಇದೇ ದೇಶದ ಡಾಕ್ಟರಮ್ಮ. ಸುಧಾ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿ, ಕೊನೆಗೆ ನನ್ನ ಕಡೆ ತಿರುಗಿ "ಏಳವ್ವ" ಎಂದಳು. ನಾನು ಏಳಲಿಲ್ಲ. ಎಲ್ಲರೂ ಕಾದರು. "ಯಲ್ಲಾ, ಮಾಮಾ", ಅಂದರೆ "ಹೂಂ, ಏಳಿ ಅಮ್ಮಾ" ಎಂದು ಡಾಕ್ಟರಮ್ಮ ಮೆಲ್ಲಗೆ ಹುರಿದುಂಬಿಸಿದರು. ಶಾಲೆಗೆ ರಜೆಯೆಂದು ಜೊತೆಗೆ ಬಂದಿದ್ದ ನೀನು, ಮೇಘಾ, "ಅಜ್ಜಿ, ಜಸ್ಟ್ ಸೇ ಇಟ್!" ಎಂದೆ. ಸುಧಾಳ ಮುಖ ಬಿಳುಪೇರಿತು. ಪಟ್ಟಿ ಕೆಟ್ಟಿತೆಂದುಕೊಂಡಳೋ ಏನೋ, ಬಗ್ಗಿ ಅದರ ಕಟ್ಟನ್ನು ಮುಟ್ಟಿ ಮುಟ್ಟಿ ನೋಡಿದಳು.

ಆಗ ನನಗೆ ಹೊಳೆಯಿತು. ಇಷ್ಟು ಮಂದಿ ಹೀಗೆ ಸುಮ್ಮನೆ ನಿಂತು ನನ್ನ ಬಾಯಿಯನ್ನೇ ನೋಡಿದ್ದು ಹಿಂದೆ ಒಮ್ಮೆ ಮಾತ್ರ. ಮದುವೆಯ ದಿನ ಗಂಡನ ಮನೆಯ ಹೊಸ್ತಿಲಲ್ಲಿ ಅಡ್ಡ ನಿಂತ ಹೆಂಗಸರು "ಗಂಡನ ಹೆಸರು ಹೇಳಿ ಒಳಗ ಬಾ" ಎಂದಿದ್ದರು. ಆಗ ಸುಮ್ಮನೆ ಹೆಸರು ಹೇಳುವಂತಿಲ್ಲ, ಒಡಪು ಕಟ್ಟಿ ಪದ್ಯದೊಳಗೆ ಸೇರಿಸಿ ಹೇಳಬೇಕು. ಪದ್ಯದಲ್ಲಿ ಹೇಳಿದರೆ ದೋಷವಿಲ್ಲ, ನಾಚಿಕೆಯೂ ಇಲ್ಲ! ಇದು ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಆ ಗಾಜಿನ ಕೋಣೆಯಲ್ಲಿ ಗಟ್ಟಿಯಾಗಿ ರಾಗ ತೆಗೆದೆ:

ಉಸುಕಿನ ನಾಡಾಗ ಮುಗಿಲಿನ ಮನಿ,
ಮನಿತುಂಬ ಮಂದಿ, ನಡುಗತೈತಿ ದನಿ;
ಮಗಳು ಹೊಲಿದಾಳ ಮಣಕಾಲಿಗೆ ಪಟ್ಟಿ,
. . . ರಾಯರ ಹೆಸರ ಹೇಳಿ ಏಳತೀನಿ ಗಟ್ಟಿ!

ಚುಕ್ಕಿ ಇಟ್ಟ ಜಾಗದಲ್ಲಿ ಹೆಸರು ಹೇಳಿದೆ, ಸ್ಪಷ್ಟವಾಗಿ. ಹೇಳಿದ ಕೂಡಲೇ ಪಟ್ಟಿ ಸೆಟೆಯಿತು. ನಾನಿನ್ನೂ "ಹೆಸರ ಹೇಳಿ" ಎನ್ನುವಷ್ಟರಲ್ಲಿ ಕಾಲು ಎದ್ದಾಗಿತ್ತು. "ಗಟ್ಟಿ" ಎನ್ನುವ ಹೊತ್ತಿಗೆ ಸೋಫಾ ಬಿಟ್ಟು ಸೆಟೆದು ನಿಂತಿದ್ದೆ. ಕೋಟಿನವರು ಚಪ್ಪಾಳೆ ತಟ್ಟಿದರು. ಒಬ್ಬರು ಬಹಳ ಗಂಭೀರವಾಗಿ, ಇಷ್ಟುದ್ದ ಮಂತ್ರವನ್ನು ರೋಗಿಗಳು ಬಾಯಿಪಾಠ ಮಾಡಬೇಕೇ ಎಂದು ಕೇಳಿದರಂತೆ.

ಸುಧಾಳಿಗೆ ಎಲ್ಲ ಅರ್ಥವಾಯಿತು. "ಅವ್ವಾ, ಮತ್ತ ಇಷ್ಟು ದಿನ ಹೆಂಗ ಏಳತಿದ್ದಿ?" ಎಂದಳು. "ಫ್ರಿಜ್ಜು ಹಿಡಕೊಂಡು" ಎಂದೆ. ಅವಳು ನಗಬೇಕೋ ಅಳಬೇಕೋ ತಿಳಿಯದೆ ಅಷ್ಟೂ ಸಂಗತಿಯನ್ನು ಡಾಕ್ಟರಮ್ಮನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಆ ತಾಯಿ ಬಂದು ನನ್ನ ಕೈ ಹಿಡಿದುಕೊಂಡರು. ತಮ್ಮ ಅಜ್ಜಿಯೂ ಅಜ್ಜನನ್ನು ಹೆಸರು ಹಿಡಿದು ಕರೆದವಳಲ್ಲ, ಮಗನ ಹೆಸರು ಹಿಡಿದು "ಇಂಥವನ ಅಪ್ಪ" ಎನ್ನುತ್ತಿದ್ದಳು ಎಂದರು. ಪಟ್ಟಿಯನ್ನು ತಮ್ಮ ರೋಗಿಗಳಿಗೆ ಕಟ್ಟಿ ನೋಡಲು ಒಪ್ಪಿದರು. ಒಂದೇ ಷರತ್ತು: ಯಾವ ಮಾತಿಗೆ ಏಳಬೇಕೆಂಬುದನ್ನು ಕಟ್ಟಿಕೊಳ್ಳುವವರೇ ಆರಿಸಿಕೊಳ್ಳಬೇಕು. ಈಗ ಸುಧಾ ಅದಕ್ಕೂ ಪೇಟೆಂಟ್ ಕೇಳಿ ಅರ್ಜಿ ಹಾಕಿದ್ದಾಳೆ. ನನ್ನ ನಾಚಿಕೆಗೂ ಸರಕಾರದ ಮುದ್ರೆ ಬೀಳುವ ಕಾಲ ಬಂತು.

ಮೊನ್ನೆ ಅವಳು ನನ್ನ ಪಟ್ಟಿಯನ್ನೂ ಬಿಚ್ಚಿ ಕೈಗೆತ್ತಿಕೊಂಡು, "ನಿನಗ ಸುಲಭದ ಮಾತು ಯಾವುದು ಹೇಳವ್ವ, ಈಗಲೇ ಬದಲಿ ಮಾಡತೀನಿ" ಎಂದಳು. "ಇರಲಿ ಬಿಡು, ಮತ್ತ ನಿನಗ್ಯಾಕ ತ್ರಾಸು" ಎಂದು ಅದನ್ನೇ ತಿರುಗಿ ಕಟ್ಟಿಸಿಕೊಂಡೆ. ಅವಳು ಆಫೀಸಿಗೆ ಹೋದಳು, ನೀವು ಶಾಲೆಗೆ ಹೋದಿರಿ. ಮನೆಯಲ್ಲಿ ನಾನೊಬ್ಬಳೇ. ನೀರು ಕುಡಿಯಬೇಕೆಂದು ಒಡಪು ಹೇಳಿ ಎದ್ದೆ. ಬಂದು ಕೂತೆ. ಮತ್ತೆ ನೀರಿಗೆಂದು ಎದ್ದೆ. ಈ ಸಲ ಪದ್ಯ ಬಿಟ್ಟು, ಬರೀ ಹೆಸರು ಹೇಳಿದೆ. ಹಾಗೆ ಇಡೀ ಬೆಳಿಗ್ಗೆ ಎದ್ದು ಕೂತು, ಎದ್ದು ಕೂತು ಮಾಡಿದೆ. ಸಂಜೆ ಸುಧಾ ಖಾಲಿಯಾದ ನೀರಿನ ಬಾಟಲಿಗಳ ಸಾಲು ನೋಡಿ "ಇಷ್ಟ್ಯಾಕ ನೀರಡಿಕಿ ನಿನಗ? ಶುಗರ್ ಟೆಸ್ಟ್ ಮಾಡಸೂಣೇನು?" ಎಂದು ಗಾಬರಿಯಾದಳು. "ಇಲ್ಲಿ ಸೆಕೆ ಭಾಳ" ಎಂದೆ, ಎಸಿಯ ತಂಪಿಗೆ ಸೆರಗು ಹೊದ್ದುಕೊಂಡು.