ಇಡ್ಲಿ ತಟ್ಟೆಯಲ್ಲಿ ಹುಟ್ಟಿದ ಕಾರು

ನಮ್ಮ ಭಾವನಿಗೆ ಎರಡು ಕಾರುಗಳಿದ್ದವು ಎಂದರೆ ಯಾರೋ ದೊಡ್ಡ ಕುಳ ಎಂದುಕೊಂಡೀರಿ. ಒಂದು ಕಾರು ದೆಹಲಿಗೆ ಅಂಟಿಕೊಂಡಿರುವ ಇಂದಿರಾಪುರಂನ ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಬೇಸ್‌ಮೆಂಟಿನಲ್ಲಿ ಬೂದು ಹೊದಿಕೆ ಹೊದ್ದು ಮಲಗಿತ್ತು. ಇನ್ನೊಂದು, ಅದೇ ಕಟ್ಟಡದ ಎಂಟನೆಯ ಮಹಡಿಯಲ್ಲಿ, ಊಟದ ಮೇಜಿನ ಮೇಲೆ, ಪುಟ್ಟ ಪೊಟ್ಟಣಗಳಲ್ಲಿ ಬಿಡಿಬಿಡಿಯಾಗಿ ಬಿದ್ದಿತ್ತು. ಮೊದಲನೆಯದನ್ನು ಓಡಿಸುವ ಧೈರ್ಯ ಬರಲೆಂದು ಎರಡನೆಯದನ್ನು ಜೋಡಿಸುತ್ತಾ ಕೂತ ಮನುಷ್ಯ ಇಡೀ ದೆಹಲಿಯಲ್ಲಿ ಇವರೊಬ್ಬರೇ ಇರಬೇಕು!

ಹೊದಿಕೆಯ ಕಥೆ ಮೊದಲು ಹೇಳಿಬಿಡುತ್ತೇನೆ. ಭಾವನಿಗೆ ನೋಯ್ಡಾದ ಕಂಪನಿಯೊಂದರಲ್ಲಿ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವ ಕೆಲಸ. ಹೀಗಾಗಿ ಡ್ರೈವಿಂಗ್ ಕಲಿತದ್ದೂ ತಪ್ಪಿಲ್ಲದೆಯೇ. ಲೈಸೆನ್ಸ್ ಬಂತು, ನೀಲಿ ಬಣ್ಣದ ಸಣ್ಣ ಕಾರೂ ಬಂತು. ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹದ ಕ್ಯಾಂಟೀನಿಗೆ ಹೋಗಿ ದೋಸೆ ತಿಂದು ಬರೋಣವೆಂದು ಮೊದಲ ಭಾನುವಾರವೇ ಹೊರಟರು. ಅಕ್ಕ ರೇಷ್ಮೆ ಸೀರೆ ಉಟ್ಟಿದ್ದಳು. ದಾರಿಯಲ್ಲಿ ಒಂದು ದೊಡ್ಡ ವೃತ್ತ, ಇಲ್ಲಿನವರ ಬಾಯಲ್ಲಿ ಗೋಲ್ ಚಕ್ಕರ್, ಬಂತು. ಭಾವ ನಿಯಮದ ಪ್ರಕಾರ ಒಳಗೆ ಹೊಕ್ಕರು, ನಿಯಮದ ಪ್ರಕಾರ ಎಲ್ಲರಿಗೂ ದಾರಿ ಬಿಟ್ಟರು. ಇವರಿಗೆ ಮಾತ್ರ ಯಾರೂ ಬಿಡಲಿಲ್ಲ. ಸುತ್ತಿದರು, ಮತ್ತೆ ಸುತ್ತಿದರು. ಅಂಚಿನಲ್ಲಿ ಬಲೂನು ಮಾರುತ್ತಿದ್ದವನು ಕೊನೆಕೊನೆಗೆ ಪರಿಚಯದವರಿಗೆ ಬೀಸುವಂತೆ ಕೈ ಬೀಸತೊಡಗಿದನಂತೆ. ಹೇಗೋ ಸಿಕ್ಕ ದಾರಿಯಲ್ಲಿ ಹೊರಬಿದ್ದು, ದೋಸೆ ತಿನ್ನದೆ ಮನೆಗೆ ಬಂದು, ಭಾವ ಕಾರಿಗೆ ಹೊದಿಕೆ ಹೊದಿಸಿಬಿಟ್ಟರು.

ಟ್ಯಾಕ್ಸಿಯಲ್ಲಿ ಹೋಗಬಹುದಿತ್ತಲ್ಲ ಎನ್ನುತ್ತೀರಾ? ನಾನೂ ಅಂದೆ. ಅಕ್ಕ ಒಪ್ಪಲಿಲ್ಲ.

"ದೋಸೆ ನಾನೇ ಹುಯ್ಯಬಲ್ಲೆ ಕಣೇ. ನಮ್ಮ ಕಾರಲ್ಲಿ, ಇವರ ಪಕ್ಕ ಕೂತು ಹೋಗ್ಬೇಕು. ಅಷ್ಟೇ ಆಸೆ."

ಆಗ ನಾನು ದೆಹಲಿಯಲ್ಲೇ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದುಕೊಂಡು ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಭಾನುವಾರವಾದರೆ ಅಕ್ಕನ ಕೈಯ ಹುಳಿಗಾಗಿ ಇಂದಿರಾಪುರಂಗೆ ಓಡುತ್ತಿದ್ದೆ. ಭಾವ ತಮ್ಮ ಸಿದ್ಧಾಂತ ಮಂಡಿಸಿದ್ದು ಅಂಥದೊಂದು ಊಟದ ಹೊತ್ತಿನಲ್ಲಿ.

"ಕಾರನ್ನ ಅರ್ಥ ಮಾಡ್ಕೊಳ್ಳದೆ ಅದರಲ್ಲಿ ಕೂತಿದ್ದೇ ತಪ್ಪು. ಪೂರ್ತಿ ಬಿಚ್ಚಿ ಜೋಡಿಸಿದವನಿಗೇ ಅದು ಮಾತು ಕೇಳೋದು."

"ಅಷ್ಟು ದೊಡ್ಡದನ್ನ ಬಿಚ್ಚಿ ಎಲ್ಲಿಡ್ತೀರಿ?" ಅಕ್ಕ ಕೇಳಿದಳು.

"ಅದಕ್ಕೇ ಚಿಕ್ಕದು ತರಿಸ್ತಿದ್ದೀನಿ."

ಜಪಾನಿಗೆ ಹೋಗಿದ್ದ ಸಹೋದ್ಯೋಗಿಯ ಕೈಲಿ ಬಂತು ನೋಡಿ, ರಿಮೋಟಿನಿಂದ ಓಡುವ, ನಾವೇ ಜೋಡಿಸಿಕೊಳ್ಳಬೇಕಾದ ಪುಟ್ಟ ರೇಸ್ ಕಾರಿನ ಕಿಟ್. ನಿಜವಾದ ಕಾರಿನಲ್ಲಿರುವ ಸ್ಪ್ರಿಂಗು, ಗೇರು, ಶಾಕ್ ಅಬ್ಸಾರ್ಬರ್ ಎಲ್ಲವೂ ಇದರಲ್ಲೂ ಇದ್ದವು, ಬೆರಳ ತುದಿಯಷ್ಟು ಗಾತ್ರದಲ್ಲಿ. ಕೈಪಿಡಿ ಜಪಾನಿ ಭಾಷೆಯದು. ಭಾವ ಚಿತ್ರ ನೋಡಿಕೊಂಡೇ ಮುಂದುವರಿದರು. ಸ್ಕ್ರೂಗಳನ್ನು ಅಳತೆಯ ಪ್ರಕಾರ ಬೇರ್ಪಡಿಸಲು ಅವರಿಗೆ ಹೊಳೆದ ಉಪಾಯ ಅಕ್ಕನ ಇಡ್ಲಿ ತಟ್ಟೆಗಳು. ಗುಳಿಗೊಂದು ಜಾತಿಯ ಸ್ಕ್ರೂ! ಅಂದಿನಿಂದ ಆ ಮನೆಯಲ್ಲಿ ಇಡ್ಲಿ ನಿಂತುಹೋಯಿತು.

ಸ್ಪ್ರಿಂಗಿನ ಬುಡಕ್ಕೆ ಸಿಕ್ಕಿಸುವ ಅಕ್ಕಿಕಾಳಿನಷ್ಟು ಚಿಕ್ಕ ಕ್ಲಿಪ್ಪೊಂದು ಇಕ್ಕಳದಿಂದ ಟಪ್ಪೆಂದು ಸಿಡಿದು ಮಾಯವಾದಾಗ ಗುಡಿಸುವುದೂ ನಿಂತಿತು. ಕೆಲಸಕ್ಕೆ ಬಂದ ದೀದಿಯನ್ನು ಭಾವ ಬಾಗಿಲಲ್ಲೇ ತಡೆದರು.

"ಆಜ್ ಝಾಡೂ ನಹೀ, ದೀದಿ."

ಅವಳು ಸಂತೋಷದಿಂದ ಹೊರಟುಹೋದಳು. ಮೂವರೂ ನೆಲಕ್ಕೆ ಕೆನ್ನೆ ಹಚ್ಚಿ ಹುಡುಕಿದೆವು. ಕೊನೆಗೆ ಕ್ಲಿಪ್ಪು ನನ್ನ ಹುಳಿಯ ಬಟ್ಟಲಿನಲ್ಲಿ, ನುಗ್ಗೆಕಾಯಿಯ ಜೊತೆ ಸಿಕ್ಕಿತು. ಭಾವ ಅದನ್ನು ತೊಳೆದು, ಒರೆಸಿ, ಮೊದಲು ಕ್ಷಮೆ ಕೇಳಿದ್ದು ಕ್ಲಿಪ್ಪಿನ ಹತ್ತಿರ.

ನಗುತ್ತಲೇ ನೋಡುತ್ತಿದ್ದ ನನಗೂ ಯಾವಾಗ ಹುಚ್ಚು ಹಿಡಿಯಿತೋ ತಿಳಿಯದು. ಒಂದು ದಿನ ಭಾವ ಎರಡು ಹಿಂಚಕ್ರಗಳ ನಡುವೆ ಕೂರುವ ಡಿಫರೆನ್ಷಿಯಲ್ ಎಂಬ ಗೇರಿನ ಉಂಡೆಯನ್ನು ನನ್ನ ಕೈಗಿತ್ತು, "ಒಂದು ಕಡೆ ತಿರುಗಿಸು" ಅಂದರು. ಎಡಗಡೆಯ ತುದಿಯನ್ನು ಮುಂದಕ್ಕೆ ತಿರುಗಿಸಿದರೆ ಬಲಗಡೆಯದು ತಾನಾಗಿ ಹಿಂದಕ್ಕೆ ತಿರುಗುತ್ತದೆ! ಏಕೆ? ಒಳಗೆ ಏನು ನಡೆಯುತ್ತದೆ? ಹುಳಿ ಆರಿಹೋದರೂ ನಾನು ಅದನ್ನೇ ತಿರುಗಿಸುತ್ತಾ ಕೂತಿದ್ದೆ.

"ತಿರುವಿನಲ್ಲಿ ಹೊರಗಡೆ ಚಕ್ರ ಜಾಸ್ತಿ ದೂರ ಹೋಗ್ಬೇಕು, ಒಳಗಡೆದು ಕಡಿಮೆ," ಭಾವ ವಿವರಿಸಿದರು. "ಎರಡನ್ನೂ ಅದರದರ ಪಾಡಿಗೆ ಬಿಡತ್ತೆ ಇದು. ಇದಿಲ್ಲದೆ ಕಾರು ಸರಿಯಾಗಿ ತಿರುಗೋದೇ ಇಲ್ಲ."

ಅಡುಗೆಮನೆಯಿಂದ ಅಕ್ಕನ ದನಿ ಬಂತು: "ಅಚ್ಛಾ, ಅವತ್ತು ಗೋಲ್ ಚಕ್ಕರಲ್ಲಿ ನಾವು ಅಷ್ಟು ಚೆನ್ನಾಗಿ ತಿರುಗಿದ್ದು ಇದರಿಂದಾನಾ?"

ಕೊನೆಗೆ ಬಣ್ಣದ ಸರದಿ. ಇಂಥ ಕಾರಿನ ಮೈ ಗಾಜಿನಂತೆ ಪಾರದರ್ಶಕವಾಗಿದ್ದು, ಬಣ್ಣವನ್ನು ಒಳಗಡೆಯಿಂದ ಹಚ್ಚಬೇಕಂತೆ. ಬಾಲ್ಕನಿಯಲ್ಲಿ ಪತ್ರಿಕೆ ಹಾಸಿ ಕೂತಿದ್ದೆವು. ಭಾವ ಆರಿಸಿದ್ದು ಬೇಸ್‌ಮೆಂಟಿನ ಕಾರಿನದೇ ನೀಲಿ.

"ನಿಜ ಹೇಳಿ ಭಾವ, ಅವತ್ತು ಬಸ್ಸುಗಳಿಗೆ ಹೆದರಿದ್ರಾ?" ಎಂದು ಕೇಳಿಬಿಟ್ಟೆ.

ಅವರ ಕುಂಚ ನಿಂತಿತು. "ಬಸ್ಸಿಗಲ್ಲ. ನಡುವೆ ಒಂದ್ಸಲ ಪಕ್ಕಕ್ಕೆ ನೋಡಿದೆ. ನಿಮ್ಮಕ್ಕ ಕಣ್ಣು ಮುಚ್ಕೊಂಡು ಕೂತಿದ್ಲು. ನನ್ನ ನಂಬಿ ಕೂತೋಳು ಕಣ್ಣು ಬಿಡೋಕೇ ಹೆದರಿದ್ರೆ, ಹೇಗಮ್ಮ ಓಡಿಸ್ಲಿ? ಅವಳಿಗೆ ಹೇಳ್ಬೇಡ."

ನನಗೆ ಅಷ್ಟು ದಿನ ಅವರನ್ನು ನೋಡಿ ನಕ್ಕಿದ್ದೆನಲ್ಲ ಎಂದು ಸಂಕಟವಾಯಿತು.

ಆಯುಧಪೂಜೆಯ ದಿನ ಕಾರು ಸಿದ್ಧವಾಯಿತು. ಟೆರೇಸಿನಲ್ಲಿ ಅದಕ್ಕೆ ಕುಂಕುಮ, ಸೇವಂತಿಗೆ. ಇನ್ನು ಚಕ್ರದಡಿ ನಿಂಬೆಹಣ್ಣು ಇಡಬೇಕಲ್ಲ? ಕಾರಿನ ಹೊಟ್ಟೆ ನೆಲಕ್ಕೆ ತಾಗುವಂತಿದೆ, ನಿಂಬೆಹಣ್ಣು ಅದರ ಚಕ್ರಕ್ಕಿಂತ ಎತ್ತರ. ಹಣ್ಣಿಗೆ ಮೂತಿ ತಾಗಿಸಿ ಕಾರು ಗೊರಗೊರ ಎಂದಿತೇ ಹೊರತು ಕದಲಲಿಲ್ಲ. ಶಾಸ್ತ್ರ ಬಿಡಲು ಭಾವ ತಯಾರಿಲ್ಲ. ಹಣ್ಣು ಕೊಯ್ದು, ಚಕ್ರಕ್ಕೊಂದರಂತೆ ನಿಂಬೆಬೀಜ ಇಟ್ಟು, ಅವುಗಳ ಮೇಲೆ ಹಾಯಿಸಿದರು.

ಕಾರು ಬಾಣದಂತೆ ಹೋಯಿತು. ಹೋಗುವುದೇನೋ ಸರಿ, ತಿರುಗಿ ಬರುವುದೇ ತಾಪತ್ರಯ. ಕಾರು ನಮ್ಮ ಕಡೆ ಮುಖ ಮಾಡಿದೊಡನೆ ಅದರ ಎಡ ನಮ್ಮ ಬಲವಾಗುತ್ತದೆ. ಭಾವ ಗಲಿಬಿಲಿಯಾಗಿ ನೀರಿನ ಟ್ಯಾಂಕಿಗೆ ಗುದ್ದಿಸಿದರು. ಮತ್ತೊಮ್ಮೆ ಗುದ್ದಿಸಿದರು. ಮಂಗಳಾರತಿ ತಟ್ಟೆ ಕೆಳಗಿಟ್ಟು ಅಕ್ಕ ಕೈಚಾಚಿದಳು.

"ಇಲ್ಲಿ ಕೊಡಿ."

ಟ್ಯಾಂಕನ್ನು ಸುತ್ತಿ, ಆಂಟೆನಾ ಕಂಬಗಳ ನಡುವೆ ನುಸುಳಿ, ಕಾರು ಅವಳ ಪಾದದ ಬಳಿ ಬಂದು ನಿಂತಿತು. ನಾವಿಬ್ಬರೂ ಬಾಯಿಬಿಟ್ಟು ನೋಡಿದೆವು.

"ಹೇಗೆ ಮಾಡ್ದೆ?" ಭಾವ ಕೇಳಿದರು.

"ನೀವು ಇಲ್ಲಿ ನಿಂತು ಓಡಿಸ್ತಿದ್ರಿ. ನಾನು ಅದರೊಳಗೆ ಕೂತಿದ್ದೀನಿ ಅಂದ್ಕೊಂಡೆ."

ಭಾವ ತಟ್ಟನೆ ಕೆಳಗೆ ಇಳಿದುಹೋದರು. ಬೇಜಾರಾಯಿತೇನೋ ಎಂದು ಅಕ್ಕನ ಮುಖ ಬಾಡಿತು. ಅವರು ಮರಳಿ ಬಂದು ಬೇಸ್‌ಮೆಂಟಿನ ಕಾರಿನ ಕೀಲಿಯನ್ನು ಆರತಿ ತಟ್ಟೆಯಲ್ಲಿಟ್ಟರು.

"ಚಲೋ, ಡ್ರೈವಿಂಗ್ ಸ್ಕೂಲಿಗೆ ಸೇರ್ಕೋ."

"ಮತ್ತೆ ನೀವು?"

"ಪಕ್ಕದಲ್ಲಿ ಕೂರ್ತೀನಿ."

ಅಕ್ಕನಿಗೆ ಲೈಸೆನ್ಸ್ ಬಂದು, ಚಳಿಗಾಲದ ಮಂಜು ಕರಗಿದ ಮೇಲೆ ಒಂದು ಭಾನುವಾರ ಹೊದಿಕೆ ತೆಗೆದರು. ಅದೇ ರೇಷ್ಮೆ ಸೀರೆಯಲ್ಲಿ ಅಕ್ಕ ಸ್ಟಿಯರಿಂಗ್ ಹಿಡಿದಳು. ಭಾವ ತೊಡೆಯ ಮೇಲೆ ಚಿಕ್ಕ ಕಾರನ್ನಿಟ್ಟುಕೊಂಡು ಪಕ್ಕದಲ್ಲಿ, ನಾನು ಹಿಂದೆ. ಅದೇ ಗೋಲ್ ಚಕ್ಕರ್ ಬಂತು. ಒಂದು ಬಸ್ಸು ಅಡ್ಡ ಬಂದು ನಮ್ಮ ದಾರಿ ತಪ್ಪಿತು. ಒಂದು ಸುತ್ತಾಯಿತು, ಎರಡನೆಯದರಲ್ಲೂ ತಪ್ಪಿತು. ನಾನು ಕಣ್ಣು ಮುಚ್ಚಿಬಿಟ್ಟೆ. ಮುಂದಿನ ಸೀಟಿನಿಂದ ಭಾವನ ಮೆಲುದನಿ ಕೇಳಿಸಿತು.

"ನಿಧಾನ ಹೋಗು. ನೋಡು, ನಾನು ಕಣ್ಣು ಬಿಟ್ಕೊಂಡೇ ಕೂತಿದ್ದೀನಿ. ಬೇಕಾದ್ರೆ ಇನ್ನೊಂದು ಸುತ್ತು ಹಾಕು."

ಅಕ್ಕನಿಗೆ ಎಲ್ಲವೂ ಅರ್ಥವಾಗಿರಬೇಕು. ನಾನು ಕಣ್ಣು ಬಿಟ್ಟಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಚಾಣಕ್ಯಪುರಿಯ ದಾರಿ ಎದುರಿಗೇ ಖಾಲಿ ಬಿದ್ದಿತ್ತು, ಒಂದು ಗಾಡಿಯೂ ಅಡ್ಡವಿರಲಿಲ್ಲ. ಅಕ್ಕ ಆ ಕಡೆ ತಿರುಗಿಸಲಿಲ್ಲ. ಬೇಕೆಂದೇ ಇನ್ನೊಂದು ಸುತ್ತು ಹಾಕಿದಳು.