ಮುದ್ದೆಯೊಳಗಿನ ಮಾತ್ರೆ

ನನಗೆ ಮಾತ್ರೆ ನುಂಗಲು ಬರುವುದಿಲ್ಲ. ಐವತ್ತೆಂಟು ವರ್ಷದವನು, ಹುಣಸೂರಿನ ತಂಬಾಕು ಹರಾಜಿನಲ್ಲಿ ರೇಟು ಸಾಲದೆಂದು ಗಂಟಲು ಹರಿಯುವಂತೆ ಕೂಗಾಡುವವನು ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಆದರೂ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಎರಡು ಲೋಟ ನೀರು ಹೊಟ್ಟೆಗೆ ಹೋದರೂ ಮಾತ್ರೆ ನಾಲಿಗೆಯ ಮೇಲೆ ಪಟ್ಟಾಗಿ ಕೂತಿರುತ್ತದೆ. ಕೊನೆಗೊಂದು ಉಪಾಯ ಹೊಳೆಯಿತು. ನಮ್ಮ ಕಡೆ ರಾಗಿಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಹೊರಳಿಸಿ ನುಂಗುವುದೇ. ಬಿಪಿ ಮಾತ್ರೆಯನ್ನು ಒಂದು ತುತ್ತಿನೊಳಗೆ ಹುದುಗಿಸಿದರೆ ಗಂಟಲಿಗೆ ಸುಳಿವೇ ಸಿಗುವುದಿಲ್ಲ. ಹೆಂಡತಿ ಜಯಮ್ಮನಿಗೂ ಸಿಕ್ಕಿರಲಿಲ್ಲ. ಎರಡು ವರ್ಷ ಹೀಗೇ ಮರ್ಯಾದೆ ಉಳಿಸಿಕೊಂಡಿದ್ದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಮಾತ್ರೆಯ ತುತ್ತನ್ನು ತಟ್ಟೆಯ ಅಂಚಿಗಿಟ್ಟಿದ್ದೆ. ಫೋನ್ ಬಂತು, ಜಗಲಿಗೆ ಹೋದೆ. ಮಾತು ಮುಗಿಸಿ ಬಂದರೆ ತುತ್ತಿಲ್ಲ.

"ಇಲ್ಲಿದ್ದ ಮುದ್ದೆ ಎಲ್ಲೋಯ್ತು?"

"ಸಾಕು ಅಂತ ಬುಟ್ಟಿದ್ದೀರೇನೋ ಅಂದ್ಕಂಡು ಚಿನ್ನಿಗಾಕ್ದೆ ಕಣ್ರೀ. ಗುಳುಕ್ ಅಂತ ನುಂಗ್ಬುಡ್ತು."

ಚಿನ್ನಿ ನಮ್ಮ ನಾಯಿ. ಗಾತ್ರ ಬೆಕ್ಕಿನಷ್ಟೇ. ಹುಣಸೂರಿನಲ್ಲೇ ಹುಟ್ಟಿದ್ದರಿಂದ ಅದೂ ಮುದ್ದೆ ಅಗಿಯುವುದಿಲ್ಲ. ನನ್ನಂಥ ಆಳಿನ ಬಿಪಿ ಇಳಿಸುವ ಮಾತ್ರೆ ಆ ಪುಟ್ಟ ಜೀವವನ್ನು ಉಳಿಸೀತೇ? ಮರ್ಯಾದೆ ಹಾಳಾಗಲಿ ಎಂದು ಎಲ್ಲವನ್ನೂ ಬಾಯಿಬಿಟ್ಟೆ.

"ಅಯ್ಯೋ, ನಿಮ್ ಬುದ್ಧಿಗಷ್ಟು!" ಎಂದ ಜಯಮ್ಮ ಉಪ್ಪುನೀರು ಕದಡಲು ಓಡಿದಳು. ನಾನು ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನ್ ಹಚ್ಚಿದೆ.

"ಉಪ್ಪುನೀರು ಗಿಪ್ಪುನೀರು ಏನೂ ಕುಡಿಸ್ಬೇಡಿ. ನೀವೇ ವಾಂತಿ ಮಾಡ್ಸೋಕೆ ಹೋಗ್ಬೇಡಿ. ಮಾತ್ರೆ ಸ್ಟ್ರಿಪ್ ತಗೊಂಡು ಈಗಿಂದೀಗ್ಲೇ ಬನ್ನಿ" ಎಂದರು.

ಜಯಮ್ಮನ ಸೆರಗಿನೊಳಗೆ ಚಿನ್ನಿ, ನನ್ನ ಜೇಬಿನಲ್ಲಿ ಸ್ಟ್ರಿಪ್, ಸ್ಕೂಟರ್ ಹಾರಿತು. ಡಾಕ್ಟರು ಮಾತ್ರೆಯ ಹೆಸರು ಓದಿ, ಚಿನ್ನಿಯನ್ನು ತೂಗಿ, ವಾಂತಿಯಾಗುವ ಇಂಜೆಕ್ಷನ್ ಚುಚ್ಚಿದರು. ನಾವಿಬ್ಬರೂ ಚಿನ್ನಿಯ ಮುಂದೆ ಕುಕ್ಕರಗಾಲಲ್ಲಿ ಕೂತೆವು. ಕೊನೆಗೆ ಚಿನ್ನಿ ಬೆನ್ನು ಬಾಗಿಸಿತು, ವ್ಯಾಕ್ ಎಂದಿತು, ಮುದ್ದೆ ಹೊರಗೆ ಬಿತ್ತು! ಡಾಕ್ಟರು ಕಡ್ಡಿಯಿಂದ ಬಿಡಿಸಿದರೆ ಒಳಗೆ ನನ್ನ ಮಾತ್ರೆ, ಅಂಚು ಕೊಂಚ ಕರಗಿದ್ದು ಬಿಟ್ಟರೆ ಇಡಿಯಾಗಿ!

"ಗೆದ್ಬುಟ್ವಿ ಕಣಮ್ಮೀ!" ಎಂದು ನಾನು ಕೂಗಿದ ಕೂಗಿಗೆ ಹೊರಗೆ ಕಟ್ಟಿದ್ದ ಎಮ್ಮೆ ಬೆಚ್ಚಿತು. ಜಯಮ್ಮ ಅಳುತ್ತಲೇ ನಕ್ಕಳು. ಸಂಜೆಯವರೆಗೆ ನಿಗಾದಲ್ಲಿಟ್ಟುಕೊಂಡು, ಬಾಲ ಆಡಿಸುತ್ತಿದ್ದ ಚಿನ್ನಿಯನ್ನು ನಮ್ಮ ಕೈಗೊಪ್ಪಿಸಿದರು.

ಹೊಟ್ಟೆಗೆಂದು ಮೂರು ದಿನದ ಮಾತ್ರೆ ಕೊಟ್ಟು, ಅದನ್ನು ನಾಯಿಗೆ ಹಾಕುವ ಬಗೆಯನ್ನೂ ತೋರಿಸಿದರು. ಬಾಯಿ ತೆರೆಸಿ, ನಾಲಿಗೆಯ ಬುಡದಲ್ಲಿಟ್ಟು, ಬಾಯಿ ಮುಚ್ಚಿ ಹಿಡಿದು, ಗಂಟಲು ನೇವರಿಸಬೇಕಂತೆ. ಜಯಮ್ಮ ಕಣ್ಣು ಮಿಟುಕಿಸದೆ ಕಲಿತಳು.

ಚಿನ್ನಿಯ ಮಾತ್ರೆ ಮೂರೇ ದಿನಕ್ಕೆ ಮುಗಿಯಿತು. ನನ್ನದು ಜೀವನಪರ್ಯಂತದ್ದು. ಈಗ ದಿನಾ ಮಧ್ಯಾಹ್ನ ಜಯಮ್ಮ ಎದುರಿಗೆ ನಿಂತು "ಆ ಅನ್ನಿ" ಎನ್ನುತ್ತಾಳೆ. ನಾನು ಕತ್ತೆತ್ತಿ ಕೊಡುತ್ತೇನೆ. ಗಂಟಲು ನೇವರಿಸಿ, ಇಳಿಯಿತೆಂದು ಖಾತ್ರಿಯಾದ ಮೇಲೆ ತಲೆ ತಟ್ಟಿ ಹೇಳುತ್ತಾಳೆ: "ಚಿನ್ನಿಗಿಂತ ಪರವಾಗಿಲ್ಲ ಕಣ್ರೀ, ನೀವು ಕಚ್ಚಲ್ಲ."