ಏಳು ಮೆಗಾಹರ್ಟ್ಸ್ ಹೊಟ್ಟೆಕಿಚ್ಚು

ನನಗೆ ಹೊಟ್ಟೆಕಿಚ್ಚಿನ ಸ್ವಭಾವವೇ ಇಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಅದಕ್ಕೆ ಕಾರಣ ನನ್ನ ದೊಡ್ಡ ಮನಸ್ಸಲ್ಲ, ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿರುವ ನಾಗರಾಜ. ಮೈಸೂರಿನ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಈ ದೇಶಕ್ಕೆ ಬಂದ ಮೇಲೆ ಅವನು ಏನು ಕೊಂಡರೂ ವುಡ್‌ಬ್ರಿಡ್ಜ್‌ನಲ್ಲಿರುವ ನಾನೂ ಅದನ್ನೇ ಕೊಳ್ಳುವುದು, ನಾನು ಕೊಂಡದ್ದನ್ನು ಅವನು ಕೊಳ್ಳುವುದು ಪದ್ಧತಿಯಾಗಿತ್ತು. ಕೆಟ್ಟರೆ ಫೋನಿನಲ್ಲೇ ಒಬ್ಬರನ್ನೊಬ್ಬರು ಕೇಳಿಕೊಳ್ಳಬಹುದಲ್ಲ! ಅದೇ ಕಾರು, ಅದೇ ಬಣ್ಣ, ಅದೇ ರೈಸ್ ಕುಕ್ಕರ್. ಇಬ್ಬರ ಮನೆಯಲ್ಲೂ ಒಂದೇ ಸೋಫಾ ಇದ್ದ ಮೇಲೆ ಕರುಬುವುದಾದರೂ ಯಾವುದಕ್ಕೆ?

ತೊಂಬತ್ತೆರಡರಲ್ಲಿ ಕಂಪ್ಯೂಟರ್ ಕೊಂಡಾಗಲೂ ಹಾಗೆಯೇ. ಒಂದೇ ಅಂಗಡಿ, ಒಂದೇ ಶನಿವಾರ, ಒಂದೇ ಮಾಡೆಲ್. ರಾಹುಕಾಲ ಕಳೆಯುವವರೆಗೆ ಇಬ್ಬರೂ ಪಾರ್ಕಿಂಗ್ ಲಾಟಿನಲ್ಲಿ ಕಾದಿದ್ದು ಒಳಗೆ ಹೋದೆವು. ಪ್ರೊಸೆಸರಿನ ವೇಗ ಮೂವತ್ತಮೂರು ಮೆಗಾಹರ್ಟ್ಸ್ ಎಂದು ಅದರ ನೆತ್ತಿಯ ಮೇಲೆಯೇ ಅಚ್ಚಾಗಿತ್ತು. ಮೂರು ತಿಂಗಳು ಸುಖವಾಗಿದ್ದೆವು. ಆಮೇಲೆ ನಾಗರಾಜನ ಫೋನ್ ಬಂತು.

"ನನ್ನದು ಈಗ ನಲವತ್ತರಲ್ಲಿ ಓಡ್ತಿದೆ ಕಣೋ. ಬೋರ್ಡ್ ಮೇಲೆ ವೇಗ ಗೊತ್ತುಮಾಡೋ ಜಂಪರ್ ಅನ್ನೋ ಪುಟ್ಟ ಕ್ಲಿಪ್ ಕಿತ್ತು ಪಕ್ಕದ ಪಿನ್ನಿಗೆ ಹಾಕಿದೆ, ಅಷ್ಟೆ."

ಆ ಏಳು ಮೆಗಾಹರ್ಟ್ಸ್ ನನ್ನ ಊಟ ಕೆಡಿಸಿತು. ಆದರೆ ನನ್ನ ಹೆಂಡತಿ ಸುಧಾ ಆಗ ಹತ್ತಿರದ ಕಾಲೇಜಿನಲ್ಲಿ ಎಂ.ಎಸ್. ಮುಗಿಸುತ್ತಿದ್ದಳು. ನಲವತ್ತು ಪುಟದ ರಿಪೋರ್ಟನ್ನು ಸೋಮವಾರ ಕೊಟ್ಟರೆ ಡಿಗ್ರಿ, ಕೊಡದಿದ್ದರೆ ಇನ್ನೊಂದು ಸೆಮಿಸ್ಟರ್. ಅದು ಮುಗಿಯುವ ತನಕ ಕಂಪ್ಯೂಟರಿನ ಮುಚ್ಚಳ ತೆಗೆಯಕೂಡದೆಂದು ಅವಳು ನನ್ನ ಕಣ್ಣು ನೋಡಿಯೇ ಹೇಳಿದ್ದಳು. ಆಗಲಿ ಅಂದಿದ್ದೆ. ಶನಿವಾರ ಬೆಳಿಗ್ಗೆ ಅವಳು ತರಕಾರಿಗೆ ಹೋದ ಮುಕ್ಕಾಲು ಗಂಟೆಯಲ್ಲಿ ಮುಚ್ಚಳ ತೆಗೆದು, ಅಕ್ಕಿಕಾಳಿನಷ್ಟಿದ್ದ ಆ ಜಂಪರನ್ನು ಅವಳದೇ ಹುಬ್ಬಿನ ಚಿಮಟದಿಂದ ಕಿತ್ತು ಪಕ್ಕಕ್ಕೆ ಕೂರಿಸಿದೆ. ಓಡಿತು! ನಾಗರಾಜನಿಗೆ ಫೋನ್ ಮಾಡಿ ಕೊಚ್ಚಿಕೊಂಡೂ ಆಯಿತು.

ಸುಧಾ ಮಧ್ಯಾಹ್ನವೆಲ್ಲ ಟೈಪ್ ಮಾಡಿ, ಹಾರ್ಡ್ ಡಿಸ್ಕಿನಲ್ಲೂ ಫ್ಲಾಪಿಯಲ್ಲೂ ಹಳೆಯದರ ಮೇಲೆಯೇ ಸೇವ್ ಮಾಡಿದಳು. ಸಂಜೆ ತೆರೆದರೆ ರಿಪೋರ್ಟಿನ ಜಾಗದಲ್ಲಿ ಪುಟಗಟ್ಟಲೆ ನಗುಮುಖಗಳು, ಹೃದಯಗಳು, ಇಸ್ಪೀಟಿನ ಚಿಹ್ನೆಗಳು. ಫ್ಲಾಪಿಯಲ್ಲೂ ಅದೇ ನಗು. ಅವಳು ಪರದೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳು ಕೇಳುವ ಮೊದಲೇ ಒಪ್ಪಿಕೊಂಡುಬಿಟ್ಟೆ.

ನಾಗರಾಜನನ್ನು ಕೇಳಿದರೆ ಅವನದು ಮರುಕ. ಪ್ರೊಸೆಸರ್ ಚಿಪ್‌ಗಳೆಲ್ಲ ಒಂದೇ ಹಿಟ್ಟಿನ ದೋಸೆಯಂತೆ. ಕೆಲವು ಗರಿಗರಿ ಏಳುತ್ತವಂತೆ, ಕೆಲವು ಕಾವಲಿಗೆ ಅಂಟುತ್ತವಂತೆ. ಕಂಪನಿಯವರು ಒಂದೊಂದನ್ನೂ ಓಡಿಸಿ ನೋಡಿ ತಾಳುವಷ್ಟನ್ನು ಅಚ್ಚು ಹಾಕುತ್ತಾರಂತೆ. ಅವನದಕ್ಕೆ ಇನ್ನೂ ಕಸುವಿತ್ತು, ನನ್ನದು ಮೂವತ್ತಮೂರಕ್ಕೇ ಏದುಸಿರು ಬಿಡುತ್ತ ಪಾಸಾದದ್ದು. ಇಷ್ಟನ್ನು ಮೊದಲೇ ಹೇಳಲು ಇವನಿಗೇನಾಗಿತ್ತು, ಧಾಡಿ?

ಪುಣ್ಯಕ್ಕೆ ಸುಧಾ ಎಲ್ಲವನ್ನೂ ಮೊದಲು ಕೈಯಲ್ಲಿ ಬರೆದಿಟ್ಟಿದ್ದಳು. ಜಂಪರನ್ನು ಹಳೆಯ ಜಾಗಕ್ಕೆ ಸೇರಿಸಿ, ಭಾನುವಾರ ಬೆಳಿಗ್ಗೆ ಪ್ರಾಯಶ್ಚಿತ್ತಕ್ಕೆ ನಾನೇ ಟೈಪ್ ಮಾಡಲು ಕೂತೆ. ಎರಡು ಬೆರಳಿನ ಟೈಪಿಂಗ್ ನನ್ನದು. ಮಧ್ಯಾಹ್ನದ ಹೊತ್ತಿಗೆ ಅವಳು ಬಂದು ಹೆಗಲ ಮೇಲಿಂದ ಇಣುಕಿ, ನಿಟ್ಟುಸಿರು ಬಿಟ್ಟಳು.

"ಏಳಿ, ನಾನೇ ಮಾಡ್ಕೋತೀನಿ. ನಿಮ್ಮ ಸ್ಪೀಡು ಇಷ್ಟೇ ಅಂತ ಮದುವೆಯಾದ ತಿಂಗಳಲ್ಲೇ ನಂಗೆ ಗೊತ್ತಾಯ್ತು. ನಾಗರಾಜ್ ಅವರನ್ನ ನೋಡ್ಕೊಂಡು ನಾನು ಯಾವತ್ತಾದ್ರೂ ನಿಮ್ಮ ಮುಚ್ಚಳ ತೆಗೆಯೋಕೆ ಬಂದಿದ್ದೀನಾ?"

ರಿಪೋರ್ಟು ಸೋಮವಾರ ತಲುಪಿತು, ಡಿಗ್ರಿಯೂ ಬಂತು. ಅದರಲ್ಲಿ ನನ್ನ ಕಾಣಿಕೆ ಮೂರೂವರೆ ಪುಟ. ಅದರಲ್ಲೂ ಎರಡು ಪುಟವನ್ನು ಅವಳು ಮತ್ತೆ ಟೈಪ್ ಮಾಡಿದಳಂತೆ.